ಗುಂಡುಕಲ್ಲಿನ ಹಾಗಿದ್ದೀಯ, ನಿನಗೇನಾಗಿದೆ ಅನ್ನೋರಿಗೆ

ಮಾನ್ಯ ಸಂಪಾದಕರೇ,

ಹೋದ ಭಾನುವಾರ ನಿಮ್ಮ ಪುರವಣಿಲಿ ಬೊಜ್ಜಿನ ಬಗ್ಗೆ ಒಂದು ಇಡೀ ಪುಟ ಬಂದಿತ್ತು. ಏನ್ ತಿನ್ಬೇಕು, ಏನ್ ಬಿಡ್ಬೇಕು, ದಿನಕ್ಕೆ ಎಷ್ಟು ನಡೀಬೇಕು ಎಲ್ಲಾ ಬರ್ದಿದ್ರು, ಅದ್ರಲ್ಲಿ ತಪ್ಪು ಹುಡುಕೋಕೆ ಈ ಪತ್ರ ಬರೀತಿಲ್ಲ. ಆದ್ರೆ ಕೊನೇಲಿ ಒಂದು ಸಾಲಿತ್ತಲ್ಲ, ಮನಸ್ಸು ಗಟ್ಟಿ ಮಾಡ್ಕೊಂಡ್ರೆ ತೂಕ ತಾನಾಗೇ ಇಳಿಯುತ್ತೆ ಅಂತ, ಅದನ್ನ ಓದಿ ನಂಗೆ ಆ ರಾತ್ರಿ ನಿದ್ದೆ ಬರ್ಲಿಲ್ಲ. ಮನಸ್ಸು ಗಟ್ಟಿ ಮಾಡ್ಕೊಳ್ಳೋಕೆ ಆಗ್ತಿಲ್ವಲ್ಲ, ಅದಕ್ಕೆ ಆ ಬೊಜ್ಜೇ ಒಂದು ಕಾರಣ ಆಗಿರಬಹುದು, ಬೊಜ್ಜಿಂದ ಮೈಯೊಳಗೆ ಆಗೋ ಉರಿಯೂತ ಮನಸ್ಸನ್ನೂ ಕುಗ್ಗಿಸಿ ಡಿಪ್ರೆಶನ್, ಅಂದ್ರೆ ಖಿನ್ನತೆ, ತರಬಹುದು ಅಂತ ಡಾಕ್ಟರುಗಳು ಇಪ್ಪತ್ತು ವರ್ಷದಿಂದ ಹೇಳ್ತಾ ಇದಾರೆ, ಆ ಇಡೀ ಪುಟದಲ್ಲಿ ಅದ್ರ ಬಗ್ಗೆ ಒಂದಕ್ಷರ ಇರ್ಲಿಲ್ಲ.

ನಾನು ದಾವಣಗೆರೆಲಿ ಲ್ಯಾಬ್ ಟೆಕ್ನಿಷಿಯನ್, 18 ವರ್ಷದಿಂದ ರಕ್ತ ತೆಗಿಯೋ ಕೆಲಸ. ದಪ್ಪ ಇರೋರು ನನ್ನ ಮುಂದೆ ಬಂದು ಕೂತಾಗ ಮೊದಲು ಏನ್ ಹೇಳ್ತಾರೆ ಗೊತ್ತಾ? "ಸಾರಿ ಸಿಸ್ಟರ್, ನನ್ ಕೈಲಿ ನರ ಸಿಗಲ್ಲ." ಇನ್ನೂ ತೋಳಿಗೆ ಬಿಗಿ ಪಟ್ಟಿ (ಟೂರ್ನಿಕೆ) ಕಟ್ಟಿರಲ್ಲ, ಸೂಜಿ ಕವರ್ ಬಿಚ್ಚಿರಲ್ಲ, ಆಗ್ಲೇ ಕ್ಷಮೆ ಕೇಳ್ತಾರೆ. ತಮ್ಮ ಮೈ ಇನ್ನೊಬ್ರಿಗೆ ತೊಂದ್ರೆ ಅಂತ ಅವ್ರಿಗೆ ಯಾರೋ ಅಷ್ಟು ಸಲ ಹೇಳಿದಾರೆ. ಬೆಳಗ್ಗೆ ಖಾಲಿ ಹೊಟ್ಟೇಲಿ ಸಾಲಾಗಿ ಕೂತಿರ್ತಾರಲ್ಲ, ಅದ್ರಲ್ಲಿ ಕೈ ಇರೋ ಕುರ್ಚಿ ಬಿಟ್ಟು ಬೆಂಚಿನ ತುದಿ ಹುಡ್ಕೊಂಡು ಹೋಗಿ ಕೂರೋರು ಯಾರು ಅಂತ ನಂಗೆ ದೂರದಿಂದ್ಲೇ ಗೊತ್ತಾಗುತ್ತೆ.

ನನ್ನ ಅಕ್ಕನೂ ಅಂಥವಳೇ, ಅವಳ ಒಪ್ಪಿಗೆ ತಗೊಂಡೇ ಬರೀತಿದೀನಿ. 46 ವರ್ಷ, ಐದಡಿ ಒಂದಿಂಚು, ಆಗ 94 ಕೆಜಿ ಇದ್ಲು. ಮೂರು ವರ್ಷದ ಹಿಂದೆ ಅವಳು ಮದುವೆ ಮುಂಜಿಗೆ ಹೋಗೋದು ನಿಲ್ಲಿಸಿದ್ಲು, ಆಮೇಲೆ ಫೋನ್ ಎತ್ತೋದು ನಿಲ್ಲಿಸಿದ್ಲು, ಆಮೇಲೆ ಸಾರಿಗೆ ಒಗ್ಗರಣೆ ಹಾಕೋದನ್ನೂ ನಿಲ್ಲಿಸಿದ್ಲು, ಬೇಳೆ ಬೇಯಿಸಿ ಉಪ್ಪು ಖಾರ ಹಾಕಿ ಇಟ್ಬಿಡೋಳು. ಒಗ್ಗರಣೆ ಇಲ್ದೇ ಸಾರು ಇಳಿಸದ ಹೆಂಗಸು ಅವಳು. ಮಧ್ಯಾಹ್ನ ಮಲಗಿದ್ರೆ ಸಂಜೆ ಆರಕ್ಕೆ ಏಳೋದು, ಎದ್ರೂ ಸುಸ್ತು, ಮತ್ತೆ ಏನಾದ್ರೂ ತಿನ್ನೋದು, ತಿಂದು ಅಳೋದು. "ಕೈಕಾಲಿಗೆ ಗುಂಡುಕಲ್ಲು ಕಟ್ಟಿದಂಗಿದೆ ಕಣೇ" ಅಂತಿದ್ಲು. ಮನೇಲಿ ಹಿರಿಯರೊಬ್ರು ಅದೇ ಮಾತು ಹಿಡ್ಕೊಂಡು "ನೀನೇ ಗುಂಡುಕಲ್ಲಿನ ಹಾಗಿದ್ದೀಯ, ನಿನಗೇನಾಗಿದೆ ಧಾಡಿ" ಅಂದ್ರು. ನಮ್ಮಲ್ಲಿ ಇದು ಎಷ್ಟು ಸಲೀಸಾಗಿ ಬಾಯಿಗೆ ಬರುತ್ತೆ ನೋಡಿ, ಮೈ ದಪ್ಪ ಇದ್ರೆ ಒಳಗೆ ಏನೂ ಆಗಿರಲ್ಲ, ಸೊರಗಿ ಕಡ್ಡಿ ಆದ್ರೆ ಮಾತ್ರ ಚಿಂತೆ ರೋಗ ಅಂತ.

ಮೊದಲು ತೋರಿಸಿದ ಕಡೆ ಬಿಪಿ ನೋಡೋಕೆ ಹೋದ್ರು, ಪಟ್ಟಿ ಅವಳ ತೋಳಿಗೆ ಸಾಲ್ದೇ ಗಾಳಿ ತುಂಬ್ತಿದ್ದಂಗೆ ಚರ್ ಅಂತ ಬಿಚ್ಕೊಳ್ತು, ಅಲ್ಲಿದ್ದ ಇಬ್ರು ನಕ್ರು. ದೊಡ್ಡ ಪಟ್ಟಿ ತರ್ಲಿಲ್ಲ, ಅದನ್ನೇ ಬಿಗಿಯಾಗಿ ಹಿಡ್ಕೊಂಡು ಅಳೆದ್ರು, ಚಿಕ್ಕ ಪಟ್ಟೀಲಿ ಅಳೆದ್ರೆ ಬಿಪಿ ಇರೋದಕ್ಕಿಂತ ಜಾಸ್ತಿ ತೋರ್ಸುತ್ತೆ ಅನ್ನೋದು ನಮ್ಮ ಫೀಲ್ಡಲ್ಲಿ ಎಲ್ರಿಗೂ ಗೊತ್ತಿರೋದೇ. ಸುಸ್ತು ಅಂದಿದ್ದಕ್ಕೆ ರಕ್ತ ಪರೀಕ್ಷೆ ಬರ್ದ್ರು, ನಾನೇ ತೆಗ್ದೆ. ಸಿಆರ್‌ಪಿ 7.4 ಬಂತು. ಇನ್ಫೆಕ್ಷನ್ ಇರಬಹುದು ಅಂತ ಐದು ದಿನ ಆಂಟಿಬಯೋಟಿಕ್ ಕೊಟ್ರು. ಜ್ವರ ಇಲ್ಲ, ಕೆಮ್ಮಿಲ್ಲ, ಉರಿಮೂತ್ರ ಇಲ್ಲ, ಹಲ್ಲಲ್ಲಿ ಹುಳುಕಿಲ್ಲ. ಮೂರು ವಾರ ಬಿಟ್ಟು ಮತ್ತೆ ಮಾಡ್ದೆ, 6.9. ಇನ್ನೊಂದು ಕಡೆ ಹೋದಾಗ ಅಲ್ಲಿನ ಡಾಕ್ಟ್ರು ಮುಖ ಎತ್ತಿ ನೋಡದೇನೇ "ಮೊದಲು ತೂಕ ಇಳಿಸ್ಕೊಂಡು ಬನ್ನಿ, ಎಲ್ಲಾ ಸರಿಹೋಗುತ್ತೆ" ಅಂದ್ರಂತೆ. ಅವಳಿಗೆ ಹಾಸಿಗೆಯಿಂದ ಏಳೋಕೇ ಆಗ್ತಿರ್ಲಿಲ್ಲ, ತೂಕ ಎಲ್ಲಿ ಇಳಿಸ್ತಾಳೆ.

ಆ 7.4 ಏನು ಅನ್ನೋದನ್ನ ನಾನು ನನ್ನ ಕೈಲಾದ ಮಟ್ಟಿಗೆ ಹೇಳ್ತೀನಿ, ನಿಮ್ಮ ಓದುಗರಿಗೆ ಇದು ಗೊತ್ತಾಗ್ಬೇಕು. ಸಿಆರ್‌ಪಿ ಅಂದ್ರೆ ಲಿವರ್ ತಯಾರು ಮಾಡೋ ಒಂದು ಪ್ರೋಟೀನು, ಮೈಯಲ್ಲಿ ಎಲ್ಲೋ ಉರಿಯೂತ ಇದೆ ಅನ್ನೋ ಸುದ್ದಿ ಬಂದ್ರೆ ಲಿವರ್ ಇದನ್ನ ಜಾಸ್ತಿ ಮಾಡುತ್ತೆ. ನ್ಯುಮೋನಿಯಾ ಥರ ದೊಡ್ಡ ಸೋಂಕು ಬಂದ್ರೆ 100, 200 ದಾಟುತ್ತೆ. ಹೃದಯದ ಅಪಾಯ ನೋಡೋಕೆ ಅಂತ ಮಾಡೋ ಸೂಕ್ಷ್ಮ ಟೆಸ್ಟಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿದ್ರೆ ಕಡಿಮೆ, 1ರಿಂದ 3 ಮಧ್ಯಮ, 3ರ ಮೇಲೆ ಹೆಚ್ಚು ಅಂತ ಲೆಕ್ಕ. ಬೊಜ್ಜಿರೋರಲ್ಲಿ ಬೇರೆ ಯಾವ ಕಾಯಿಲೆ ಇಲ್ದೇ ಹೋದ್ರೂ 4, 6, 8 ಹೀಗೆ ಬಂದು ವರ್ಷಗಟ್ಲೆ ಅಲ್ಲೇ ನಿಂತಿರುತ್ತೆ. ಉರಿಯೂತ ಅಂದ್ರೆ ಮೊಣಕಾಲು ಪೆಟ್ಟಾದಾಗ ಕೆಂಪಾಗಿ ಬಿಸಿಯಾಗಿ ಊದ್ಕೊಳ್ಳುತ್ತಲ್ಲ, ಉರಿನೂ ಊತನೂ ಆ ಪದದಲ್ಲೇ ಇದೆ. ಇದು ಅದ್ರ ಥರ ಕಣ್ಣಿಗೆ ಕಾಣೋದಲ್ಲ, ಬೂದಿ ಮುಚ್ಚಿದ ಕೆಂಡ. ಹೊಗೆ ಇಲ್ಲ, ಉರಿ ಇಲ್ಲ, ಕೈ ಇಟ್ರೆ ಮಾತ್ರ ಬಿಸಿ.

ಆ ಕೆಂಡ ಎಲ್ಲಿರುತ್ತೆ ಅಂದ್ರೆ ಕೊಬ್ಬಲ್ಲೇ. ಕೊಬ್ಬು ಅಂದ್ರೆ ಸುಮ್ನೆ ಜೋತು ಬಿದ್ದಿರೋ ಎಣ್ಣೆ ಚೀಲ ಅಂತ ಹಿಂದೆ ಅನ್ಕೊಂಡಿದ್ರು, 1993ರಲ್ಲಿ ಬೊಜ್ಜಿರೋ ಇಲಿಗಳ ಕೊಬ್ಬಲ್ಲಿ ಟಿಎನ್‌ಎಫ್ ಆಲ್ಫಾ ಅನ್ನೋ ಉರಿಯೂತದ ವಸ್ತು ತಯಾರಾಗ್ತಿದೆ ಅಂತ ಗೊತ್ತಾಯ್ತು, ಮಾರನೇ ವರ್ಷವೇ ಲೆಪ್ಟಿನ್ ಅನ್ನೋ ಹಾರ್ಮೋನನ್ನೂ ಕೊಬ್ಬೇ ಮಾಡುತ್ತೆ ಅಂತ ಆಯ್ತು. 2003ರಲ್ಲಿ ಅಮೆರಿಕದ ಎರಡು ತಂಡಗಳು ಬೇರೆ ಬೇರೆಯಾಗಿ ಕೆಲಸ ಮಾಡಿ ಒಂದೇ ವಿಷಯ ಹೇಳಿದ್ವು. ಬೊಜ್ಜು ಜಾಸ್ತಿ ಆದಂಗೆ ಆ ಕೊಬ್ಬಿನೊಳಗೆ ಮ್ಯಾಕ್ರೋಫೇಜ್ ಅನ್ನೋ ರಕ್ಷಣಾ ಕಣಗಳು ಬಂದು ತುಂಬ್ಕೊಳ್ತವೆ, ಸಣ್ಣ ಇರೋರ ಕೊಬ್ಬಿನ ಜೀವಕೋಶಗಳಲ್ಲಿ ನೂರಕ್ಕೆ ಹತ್ತೂ ಇಲ್ದೇ ಇರೋ ಇವು ಬೊಜ್ಜಿರೋರಲ್ಲಿ 40ರ ತನಕ ಏರ್ತವೆ ಅಂತ. ಕೊಬ್ಬಿನ ಕೋಶ ಉಬ್ಬಿ ಉಬ್ಬಿ ಅದಕ್ಕೆ ಆಕ್ಸಿಜನ್ ಸಾಲದೇ ಕೆಲವು ಸಾಯ್ತವೆ, ಸತ್ತ ಕೋಶದ ಸುತ್ತ ಈ ಮ್ಯಾಕ್ರೋಫೇಜ್‌ಗಳು ಉಂಗುರದ ಥರ ಕಟ್ಕೊಂಡು ಕೂರ್ತವೆ, ಮೈಕ್ರೋಸ್ಕೋಪಲ್ಲಿ ನೋಡಿದ್ರೆ ಥೇಟ್ ಕಿರೀಟ. ಅವು ಬಿಡೋ ವಸ್ತುಗಳು ರಕ್ತಕ್ಕೆ ಸೇರಿ ಲಿವರಿಗೂ ಹೋಗ್ತವೆ, ಅಲ್ಲಿಂದಲೇ ನನ್ನ ಮಷೀನಲ್ಲಿ 7.4 ಅಂತ ಬರೋದು. ತೊಡೆ, ಸೊಂಟದ ಕೊಬ್ಬಿಗಿಂತ ಹೊಟ್ಟೆಯೊಳಗೆ ಕರುಳಿನ ಸುತ್ತ ಕೂತಿರೋ ಕೊಬ್ಬೇ ಇದ್ರಲ್ಲಿ ಹೆಚ್ಚು ಕಾಟ ಕೊಡೋದು.

ಇನ್ನು ಇದು ಮನಸ್ಸಿಗೆ ಹೇಗೆ ತಾಗುತ್ತೆ ಅಂತ. 2006ರಲ್ಲಿ ನಮ್ಮ ಕಡೆ ಚಿಕೂನ್‌ಗುನ್ಯಾ ಮನೆಮನೆಗೂ ಬಂದಿತ್ತಲ್ಲ, ಆಗ ಮಲಗಿದ್ದೋರು ಒಂದ್ಸಲ ನೆನಪು ಮಾಡ್ಕೊಳ್ಳಿ. ಕೀಲು ನೋವು ಒಂದು ಕಡೆ ಇರ್ಲಿ, ಯಾರ ಜೊತೆಗೂ ಮಾತು ಬೇಡ, ಬಾಯಿಗೆ ರುಚಿ ಇಲ್ಲ, ಟಿವಿ ಸೌಂಡ್ ಬೇಡ, ಮಕ್ಕಳು ಹತ್ರ ಬಂದ್ರೂ ಸಿಡಿಮಿಡಿ, ಗೋಡೆ ಕಡೆ ತಿರುಗಿ ಮಲಗಿದ್ರೆ ಸಾಕು ಅನ್ನಿಸ್ತಿತ್ತಲ್ವಾ? ಅದು ವೈರಸ್ ಒಂದೇ ಮಾಡಿದ್ದಲ್ಲ, ವೈರಸ್ ಜೊತೆ ಹೋರಾಡೋಕೆ ನಮ್ಮ ಮೈ ಬಿಟ್ಟ ಸೈಟೋಕೈನ್ ಅನ್ನೋ ವಸ್ತುಗಳು ಮೆದುಳಿಗೆ ಹೇಳಿದ್ದು, ಈಗ ಸುಮ್ನೆ ಮಲಗು, ಶಕ್ತಿ ಉಳಿಸು ಅಂತ. ಹಸು ನಾಯಿಗಳೂ ಹುಷಾರಿಲ್ದೇ ಇದ್ದಾಗ ಮೂಲೆ ಹಿಡಿದು ಕೂರ್ತವಲ್ಲ, ಅದೇ ಇದು. ನಾಲ್ಕು ದಿನ ಆದ್ಮೇಲೆ ಜ್ವರ ಬಿಟ್ಟು ಎದ್ದು ಓಡಾಡ್ತೀವಿ. ಆದ್ರೆ ಅದೇ ಸಂದೇಶ ಸಣ್ಣದಾಗಿ, ಬಿಡದೇ, ವರ್ಷಾನುಗಟ್ಲೆ ಹೋಗ್ತಾನೇ ಇದ್ರೆ? ಅಕ್ಕನ್ನ ನೋಡಿದಾಗೆಲ್ಲ ನಂಗೆ ಅನ್ನಿಸೋದು ಅದೇ, ಇವಳು ಜ್ವರ ಇಲ್ದೇ ಜ್ವರದಲ್ಲಿ ಮಲಗಿದಾಳೆ ಅಂತ.

ಈ ಸಂದೇಶ ಮೆದುಳಿಗೆ ಹೋಗೋಕೆ ದಾರಿ ಒಂದೆರಡಲ್ಲ, ಹೊಟ್ಟೆಯಿಂದ ಮೆದುಳಿಗೆ ಹೋಗೋ ವೇಗಸ್ ನರ ಒಂದು, ರಕ್ತದಿಂದ ಮೆದುಳಿಗೆ ಇರೋ ತಡೆಗೋಡೆ ತೆಳು ಇರೋ ಜಾಗಗಳು ಇನ್ನೊಂದು. ಒಳಗೆ ಹೋದ್ಮೇಲೆ ಮೆದುಳಿನ ಕಾವಲು ಕಣಗಳೂ ಕೆರಳ್ತವೆ. ನಾವು ತಿನ್ನೋ ಬೇಳೆ, ಹಾಲು, ಮೊಟ್ಟೆಲಿ ಟ್ರಿಪ್ಟೋಫಾನ್ ಅಂತ ಇರುತ್ತೆ, ಮನಸ್ಸನ್ನ ಹದವಾಗಿಡೋಕೆ ಬೇಕಾದ ಸಿರೊಟೋನಿನ್ ತಯಾರಾಗೋಕೆ ಅದೇ ಕಚ್ಚಾ ಸಾಮಾನು, ಉರಿಯೂತ ಇದ್ದಾಗ ಒಂದು ಕಿಣ್ವ ಅದ್ರಲ್ಲಿ ಜಾಸ್ತಿ ಪಾಲನ್ನ ಕೈನುರೆನಿನ್ ಅನ್ನೋ ಬೇರೆ ದಾರಿಗೆ ತಿರುಗಿಸಿಬಿಡುತ್ತೆ. ನಾಲೆ ನೀರನ್ನ ಮೇಲಿನೋರು ಅರ್ಧದಲ್ಲೇ ಕಟ್ಟೆ ಹಾಕಿ ತಿರುಗಿಸ್ಕೊಂಡ್ರೆ ಕೊನೇ ಗದ್ದೆ ಒಣಗುತ್ತಲ್ಲ ಹಂಗೆ, ಭದ್ರಾ ಅಚ್ಚುಕಟ್ಟಿನ ಕೊನೇ ಭಾಗದ ರೈತ್ರಿಗೆ ಇದನ್ನ ಬಿಡಿಸಿ ಹೇಳೋದೇ ಬೇಡ. ಡೋಪಮಿನ್ ಕೆಲಸವೂ ಮಂಕಾಗುತ್ತೆ, ಅದು ಮಂಕಾದ್ರೆ ಏಳ್ಬೇಕು, ಮಾಡ್ಬೇಕು ಅನ್ನೋ ಹುಮ್ಮಸ್ಸೇ ಬರಲ್ಲ. ಇದನ್ನೇ ಅಲ್ವಾ ನಾವು ಸೋಮಾರಿತನ ಅನ್ನೋದು.

ಇದು ಬರೀ ಊಹೆ ಅಲ್ಲ. ಹಿಂದೆ ಹೆಪಟೈಟಿಸ್ ಸಿ ರೋಗಕ್ಕೆ ಇಂಟರ್‌ಫೆರಾನ್ ಅನ್ನೋ ಇಂಜೆಕ್ಷನ್ ಕೊಡ್ತಿದ್ರು, ಅದು ಮೈಯ ರಕ್ಷಣಾ ವ್ಯವಸ್ಥೆಯನ್ನ ಬಡಿದೆಬ್ಬಿಸೋ ಔಷಧಿ. ಅದನ್ನ ತಗೊಂಡೋರಲ್ಲಿ ಹೆಚ್ಚುಕಡಿಮೆ ನಾಲ್ಕರಲ್ಲಿ ಒಬ್ರಿಗೆ ಡಿಪ್ರೆಶನ್ ಬರ್ತಿತ್ತು, ಅದುವರೆಗೂ ಮನಸ್ಸಿನ ತೊಂದ್ರೆನೇ ಇಲ್ದೇ ಇದ್ದೋರಿಗೂ ಕೂಡ. ಅಂದ್ರೆ ಉರಿಯೂತದ ವಸ್ತುವನ್ನ ಹೊರಗಿಂದ ಕೊಟ್ರೆ ಮನಸ್ಸು ಕುಸಿಯುತ್ತೆ ಅಂತ ಕಣ್ಮುಂದೆನೇ ಕಂಡಿದೆ. ಇನ್ನೊಂದು, 2010ರಲ್ಲಿ ನೆದರ್‌ಲ್ಯಾಂಡ್ಸಿನ ಸಂಶೋಧಕರು 15 ಅಧ್ಯಯನಗಳನ್ನ, ಒಟ್ಟು 58 ಸಾವಿರಕ್ಕೂ ಹೆಚ್ಚು ಜನರ ಲೆಕ್ಕವನ್ನ ಒಟ್ಟು ಹಾಕಿ ನೋಡಿದ್ರು. ಬೊಜ್ಜಿರೋರಿಗೆ ಮುಂದೆ ಡಿಪ್ರೆಶನ್ ಬರೋ ಸಾಧ್ಯತೆ 55 ಶೇಕಡಾ ಜಾಸ್ತಿ. ಅದೇ ಥರ ಡಿಪ್ರೆಶನ್ ಇರೋರಿಗೆ ಮುಂದೆ ಬೊಜ್ಜು ಬರೋ ಸಾಧ್ಯತೆ 58 ಶೇಕಡಾ ಜಾಸ್ತಿ. ಎರಡೂ ಕಡೆಯಿಂದ ಹಗ್ಗ ಎಳೆದಂಗೆ. ಮನಸ್ಸು ಕುಗ್ಗಿದ್ರೆ ಕಾರ್ಟಿಸಾಲ್ ಅನ್ನೋ ಒತ್ತಡದ ಹಾರ್ಮೋನು ಏರುತ್ತೆ, ಅದು ಕೊಬ್ಬನ್ನ ತಂದು ಹೊಟ್ಟೇಲೇ ಇಡುತ್ತೆ, ನಿದ್ದೆ ಕೆಡುತ್ತೆ, ಓಡಾಟ ನಿಲ್ಲುತ್ತೆ, ಹೊಟ್ಟೆ ಬೆಳೆದ್ರೆ ಮತ್ತೆ ಕೆಂಡಕ್ಕೆ ಗಾಳಿ.

ಹಂಗಂತ ದಪ್ಪ ಇರೋರೆಲ್ಲ ಖಿನ್ನರು, ಖಿನ್ನತೆ ಇರೋರಿಗೆಲ್ಲ ಉರಿಯೂತ ಅಂತ ದಯವಿಟ್ಟು ತಿಳ್ಕೋಬೇಡಿ. ಡಿಪ್ರೆಶನ್ ಇರೋರಲ್ಲಿ ಸಿಆರ್‌ಪಿ 3ರ ಮೇಲೆ ಇರೋರು ಕಾಲು ಭಾಗದಷ್ಟು ಜನ. ಅಮೆರಿಕದ ಎಮರಿ ಯೂನಿವರ್ಸಿಟೀಲಿ 60 ಜನಕ್ಕೆ, ಮಾತ್ರೆಗೆ ಬಗ್ಗದ ಡಿಪ್ರೆಶನ್ ಇದ್ದೋರಿಗೆ, ಅರ್ಧ ಜನಕ್ಕೆ ಉರಿಯೂತ ತಡಿಯೋ ಇನ್‌ಫ್ಲಿಕ್ಸಿಮ್ಯಾಬ್ ಅನ್ನೋ ಔಷಧಿ, ಇನ್ನರ್ಧ ಜನಕ್ಕೆ ಬರೀ ಸಲೈನ್ ಕೊಟ್ಟು ನೋಡಿದ್ರು, 2013ರಲ್ಲಿ ಫಲಿತಾಂಶ ಬಂತು. ಒಟ್ಟಾರೆ ನೋಡಿದ್ರೆ ವ್ಯತ್ಯಾಸನೇ ಇರ್ಲಿಲ್ಲ, ಆದ್ರೆ ಶುರುವಲ್ಲೇ ಸಿಆರ್‌ಪಿ 5ರ ಮೇಲಿದ್ದೋರಲ್ಲಿ ಮಾತ್ರ ಔಷಧಿ ತಗೊಂಡೋರು ಹೆಚ್ಚು ಚೇತರಿಸ್ಕೊಂಡ್ರು. ನಂಗೆ ಇದು ತುಂಬಾ ಮುಖ್ಯ ಅನ್ನಿಸುತ್ತೆ, ಎಲ್ಲರ ಬೇಜಾರೂ ಒಂದೇ ಬೇರಿಂದ ಬಂದಿರಲ್ಲ. ಜಾಸ್ತಿ ತಿನ್ನೋದು, ಜಾಸ್ತಿ ಮಲಗೋದು, ಕೈಕಾಲು ಭಾರ ಅನ್ನೋದು, ಈ ಥರದ ಡಿಪ್ರೆಶನ್ನಲ್ಲೇ ಉರಿಯೂತ ಹೆಚ್ಚಾಗಿ ಕಾಣೋದಂತೆ. ಊಟ ಬಿಟ್ಟು ನಿದ್ದೆ ಬಿಟ್ಟು ಸೊರಗೋ ಡಿಪ್ರೆಶನ್ನನ್ನೇ ನಾವು ಕಾಯಿಲೆ ಅಂತ ಗುರುತಿಸ್ತೀವಿ, ತಿಂದು ಮಲಗೋದನ್ನ ಗುರುತಿಸಲ್ಲ, ಅದಕ್ಕೇ ನನ್ನ ಅಕ್ಕ ಎರಡು ವರ್ಷ ಕಳ್ಕೊಂಡ್ಲು.

ಇಲ್ಲಿ ಒಂದು ಮಾತು ಲ್ಯಾಬಿನೋಳಾಗಿ ಹೇಳ್ಲೇಬೇಕು. ಇದನ್ನ ಓದಿ ನಾಳೆನೇ ಬಂದು ನಂಗೆ ಡಿಪ್ರೆಶನ್ ಇದ್ಯಾ ನೋಡಿ ಅಂತ ಸಿಆರ್‌ಪಿ ಮಾಡಿಸ್ಬೇಡಿ. ನೆಗಡಿ ಆದ್ರೂ ಏರುತ್ತೆ, ವಸಡು ಕೆಟ್ಟಿದ್ರೂ ಏರುತ್ತೆ, ಸಿಗರೇಟಿಂದಲೂ ಏರುತ್ತೆ. ಆ ನಂಬರ್ ಮನಸ್ಸಿನ ರಿಪೋರ್ಟ್ ಅಲ್ಲ. ಉರಿಯೂತ ಇಳಿಸೋ ಪುಡಿ ಅಂತ ವಾಟ್ಸಾಪಲ್ಲಿ ಮಾರೋ ಡಬ್ಬಗಳಿಗೂ ದುಡ್ಡು ಹಾಕ್ಬೇಡಿ.

ಮತ್ತೆ ಇದು ನೂರು ಕೆಜಿಯೋರ ಮಾತು ಮಾತ್ರ ಅಂತನೂ ಅನ್ಕೋಬೇಡಿ. ಪುಣೆಯ ಕೆಇಎಂ ಆಸ್ಪತ್ರೆಯ ಡಾ. ಯಾಜ್ಞಿಕ್ ಅವರೂ ಇಂಗ್ಲೆಂಡಿನ ಡಾ. ಯುಡ್ಕಿನ್ ಅವರೂ ಪಕ್ಕಪಕ್ಕ ನಿಂತ ಒಂದು ಫೋಟೋ 2004ರಲ್ಲಿ ಲ್ಯಾನ್ಸೆಟ್ ಪತ್ರಿಕೇಲಿ ಬಂದಿತ್ತು. ಇಬ್ಬರ ಬಿಎಂಐ, ಅಂದ್ರೆ ಎತ್ತರಕ್ಕೆ ತಕ್ಕ ತೂಕ ಇದ್ಯಾ ಅಂತ ನೋಡೋ ಲೆಕ್ಕ, ಒಂದೇ, 22.3. ಮೈಯಲ್ಲಿರೋ ಕೊಬ್ಬು ಅಳೆದ್ರೆ ಇಂಗ್ಲೆಂಡಿನೋರಿಗೆ 9.1 ಶೇಕಡಾ, ನಮ್ಮೋರಿಗೆ 21.2. ನೋಡೋಕೆ ಸಣ್ಣ, ಒಳಗೆ ಕೊಬ್ಬು, ನಮ್ಮ ದೇಶದೋರ ಮೈಕಟ್ಟೇ ಹಂಗೆ. ಅದಕ್ಕೇ ನಮ್ಮಲ್ಲಿ ಬಿಎಂಐ 23 ದಾಟಿದ್ರೆ ಅಧಿಕ ತೂಕ, 25 ದಾಟಿದ್ರೆ ಬೊಜ್ಜು ಅಂತ ಇಟ್ಟಿರೋದು, ಸೊಂಟದ ಸುತ್ತಳತೆ ಗಂಡಸ್ರಿಗೆ 90 ಸೆಂಟಿಮೀಟರ್, ಹೆಂಗಸ್ರಿಗೆ 80. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೇಲಿ ಬಿಎಂಐ 25ರ ಮೇಲಿರೋರು ಕರ್ನಾಟಕದಲ್ಲಿ ನೂರಕ್ಕೆ 30ರ ಹತ್ರ ಇದ್ರು, ಗಂಡಸ್ರು ಹೆಂಗಸ್ರು ಇಬ್ರಲ್ಲೂ. ಇನ್ನೊಂದು ಕಡೆ ನಿಮ್ಹಾನ್ಸ್ ಮಾಡಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಪ್ರಕಾರ ಮನಸ್ಸಿನ ಕಾಯಿಲೆ ಇರೋರಲ್ಲಿ ಚಿಕಿತ್ಸೆ ಸಿಗದೇ ಇರೋರು, ಯಾವ ಕಾಯಿಲೆ ಅನ್ನೋದ್ರ ಮೇಲೆ, ನೂರಕ್ಕೆ 70ರಿಂದ 92. ಈ ಎರಡು ಲೆಕ್ಕ ಒಂದರ ಪಕ್ಕ ಒಂದು ಇಟ್ಟು ನೋಡಿದ್ರೆ ನನ್ನ ಬೆಳಗಿನ ಬೆಂಚಲ್ಲಿ ಕೂತಿರೋರ ಮುಖಗಳೇ ಕಣ್ಮುಂದೆ ಬರ್ತವೆ.

ಈಗ ನಿಮ್ಮ ಪತ್ರಿಕೆ ವಿಷ್ಯಕ್ಕೆ ಬರ್ತೀನಿ, ಬೇಜಾರ್ ಮಾಡ್ಕೋಬೇಡಿ. ಆ ಪುಟದಲ್ಲಿ ಒಂದು ದೊಡ್ಡ ಫೋಟೋ ಹಾಕಿದ್ರಿ. ಬಿಗಿ ಟೀಶರ್ಟ್ ಹಾಕಿದ ಒಂದು ಹೊಟ್ಟೆ, ಕತ್ತಿನಿಂದ ಮೇಲೆ ಕತ್ತರಿಸಿದ್ದೀರಿ, ತಲೆನೇ ಇಲ್ಲ. ಬೊಜ್ಜಿನ ಸುದ್ದಿ ಅಂದ್ರೆ ಎಲ್ಲಾ ಪೇಪರಲ್ಲೂ ಟೀವೀಲೂ ಇದೇ ಫೋಟೋ, ತಲೆ ಇಲ್ದಿರೋ ಹೊಟ್ಟೆಗಳು. ಬೇರೆ ಯಾವ ಕಾಯಿಲೆಗೆ ಹೀಗೆ ಹಾಕ್ತೀರಿ ಹೇಳಿ? ಗುರುತು ಮುಚ್ಚೋಕೆ ಅಂತ ನೀವು ಅನ್ಕೊಂಡಿರಬಹುದು, ಆದ್ರೆ ಅದನ್ನ ನೋಡೋ ದಪ್ಪ ಮನುಷ್ಯರಿಗೆ ಕಾಣೋದು ನಾನು ಅಂದ್ರೆ ಬರೀ ಹೊಟ್ಟೆ, ನಂಗೆ ಮುಖ ಇಲ್ಲ, ಮನಸ್ಸಿಲ್ಲ ಅಂತ. ಅವಮಾನ ಅನ್ನೋದು ಬರೀ ಮನಸ್ಸಿಗೆ ಆಗಿ ಅಲ್ಲೇ ನಿಲ್ಲೋದೂ ಅಲ್ಲ. ತೂಕದ ಕಾರಣಕ್ಕೆ ಹೀಯಾಳಿಸಿದಾಗ ಕಾರ್ಟಿಸಾಲ್ ಏರುತ್ತೆ ಅಂತ ಸಂಶೋಧನೆಗಳಲ್ಲಿ ಕಂಡಿದೆ, ಹೀಯಾಳಿಸಿದ್ರೆ ಜನ ತೂಕ ಇಳಿಸ್ಕೊಳ್ಳಲ್ಲ, ಜಾಸ್ತಿ ತಿಂತಾರೆ, ವ್ಯಾಯಾಮಕ್ಕೆ ಹೋಗೋಕೆ ನಾಚ್ಕೋತಾರೆ, ಆಸ್ಪತ್ರೆಗೆ ಹೋಗೋದನ್ನೇ ತಪ್ಪಿಸ್ಕೋತಾರೆ ಅನ್ನೋದೂ ಕಂಡಿದೆ. ಮದುವೆ ಮನೇಲಿ ಫೋಟೋ ತೆಗಿಯೋನು ನನ್ನ ಅಕ್ಕನಿಗೆ "ಮೇಡಂ ನೀವು ಹಿಂದೆ ನಿಂತ್ಕೊಳ್ಳಿ, ಫ್ರೇಮ್ ಸಾಲ್ತಿಲ್ಲ" ಅಂದಿದ್ದ. ಅವಳು ಹೋದ ಕೊನೇ ಮದುವೆ ಅದು. ಡುಮ್ಮಿ, ದಢೂತಿ, ಡ್ರಮ್ಮು ಅಂತ ಪ್ರೀತಿಗೆ ಕರೀತೀವಿ ಅನ್ನೋರು ನಮ್ಮಲ್ಲಿ ಬಹಳ, ಪ್ರೀತಿಗೆ ಅಂದ್ರೂ ಆ ಮೈ ಅದನ್ನ ಪ್ರೀತಿ ಅಂತ ತಗೊಳ್ಳಲ್ಲ ಸ್ವಾಮಿ.

ಅಕ್ಕನಿಗೆ ಕೊನೆಗೆ ದಾರಿ ಸಿಕ್ಕಿದ್ದು ಒಂದು ಸರ್ಕಾರಿ ಆಸ್ಪತ್ರೆಯ ಮನೋವೈದ್ಯರ ಹತ್ರ. ಅವ್ರು ಮೊದಲು ಕೇಳಿದ್ದು ತೂಕ ಅಲ್ಲ, ಗೊರಕೆ ಹೊಡೀತೀರಾ ಅಂತ. ಮನೇಲಿ ಎಲ್ರೂ ಅವಳ ಗೊರಕೆಗೆ ನಗ್ತಿದ್ವಿ, ನಾನೂ ನಕ್ಕಿದೀನಿ, ಅದು ನಿದ್ದೇಲಿ ಉಸಿರು ಕಟ್ಟೋ ಸ್ಲೀಪ್ ಅಪ್ನಿಯಾ ಅಂತ, ಅದ್ರಿಂದಲೂ ಉರಿಯೂತ ಹೆಚ್ಚುತ್ತೆ, ಬೇಜಾರೂ ಹೆಚ್ಚುತ್ತೆ ಅಂತ ಅವತ್ತೇ ನಂಗೆ ಗೊತ್ತಾಗಿದ್ದು. ಥೈರಾಯ್ಡ್, ಶುಗರ್ ನೋಡಿಸಿದ್ರು. ಅದಕ್ಕೂ ಮೊದಲು ಬೇರೆ ಕಡೆ ನಿದ್ದೆಗೆ ಅಂತ ಒಂದು ಮಾತ್ರೆ ಕೊಟ್ಟಿದ್ರು, ಅದ್ರಲ್ಲಿ ನಾಲ್ಕು ತಿಂಗಳಿಗೆ ಏಳು ಕೆಜಿ ಏರಿದ್ಲು, ಹೇಳದೇ ಕೇಳದೇ ತಾನೇ ನಿಲ್ಲಿಸಿ ಇನ್ನೂ ಕೆಟ್ಟಿದ್ಲು. ಒಲಾಂಜಪಿನ್, ಮಿರ್ಟಾಜಪಿನ್ ಥರದ ಕೆಲವು ಮನಸ್ಸಿನ ಔಷಧಿಗಳಿಂದ ತೂಕ ಏರೋದು ನಿಜ, ಕೊಡೋವಾಗ್ಲೇ ಅದನ್ನ ಹೇಳ್ಬೇಕು, ಸೊಂಟ, ಶುಗರ್ ನೋಡ್ತಾ ಇರ್ಬೇಕು, ಬೇಕಾದ್ರೆ ಬದಲಾಯಿಸ್ಬೇಕು. ಯಾರೂ ತಾವಾಗೇ ನಿಲ್ಲಿಸ್ಬಾರ್ದು, ಡಾಕ್ಟರಿಗೆ ಹೇಳಿ, ಅವ್ರು ಬೇರೆ ಕೊಡ್ತಾರೆ, ಅಕ್ಕನಿಗೂ ಹಂಗೇ ಬದಲಾಯಿಸಿದ್ರು.

ಆ ಡಾಕ್ಟ್ರು ಆರು ತಿಂಗಳು ತೂಕದ ಮಷೀನ್ ಹತ್ಬೇಡಿ ಅಂದ್ರು. ಸಂಜೆ ಹೊತ್ತು 20 ನಿಮಿಷ ನಡೀರಿ ಅಷ್ಟೇ. ಮೊದಲ ತಿಂಗಳು ನಾನೇ ಡ್ಯೂಟಿ ಮುಗಿಸಿ ಹೋಗಿ ಅವಳನ್ನ ಗಾಡೀಲಿ ಕೂರಿಸ್ಕೊಂಡು ಕುಂದುವಾಡ ಕೆರೆಗೆ ಕರ್ಕೊಂಡು ಹೋಗ್ತಿದ್ದೆ, ಜನ ಕಮ್ಮಿ ಇರ್ಲಿ ಅಂತ ಕತ್ತಲಾಗೋ ಹೊತ್ತಿಗೆ. ಮೊದಲ ದಿನ ಎರಡು ಲೈಟ್ ಕಂಬ ದಾಟಿ ಕೂತ್ಬಿಟ್ಲು. ಮಾಂಸಖಂಡ ಕೆಲಸ ಮಾಡ್ದಾಗ ಅದೇ ಉರಿಯೂತ ತಗ್ಗಿಸೋ ವಸ್ತುಗಳು ಹೊರಡೋಕೆ ಕಾರಣ ಆಗುತ್ತೆ, ತೂಕ ಇಳೀದೇ ಇದ್ರೂ ಹೊಟ್ಟೆಯೊಳಗಿನ ಕೊಬ್ಬು ಕರಗೋಕೆ ಶುರುವಾಗುತ್ತೆ, ಇದನ್ನ ಡಾಕ್ಟ್ರು ಅವಳಿಗೆ ಚಿತ್ರ ಬರ್ದು ಹೇಳಿದ್ರು. ಮಷೀನಲ್ಲಿ ಕಾಣದೇ ಇದ್ರೂ ಒಳಗೆ ಏನೋ ಆಗ್ತಿದೆ ಅನ್ನೋ ಆ ಒಂದು ಮಾತಿಗೇ ಅವಳು ದಿನಾ ಹೊರಟಿದ್ದು ಅಂತ ನಂಗನ್ಸುತ್ತೆ.

ಊಟದ್ದೂ ಹಂಗೇ. ಆಸ್ಟ್ರೇಲಿಯಾದಲ್ಲಿ ಡಿಪ್ರೆಶನ್ ಇದ್ದ 67 ಜನರ ಮೇಲೆ ಒಂದು ಪ್ರಯೋಗ ಮಾಡಿ 2017ರಲ್ಲಿ ಪ್ರಕಟ ಮಾಡಿದ್ರು. ಅರ್ಧ ಜನಕ್ಕೆ ತರಕಾರಿ, ಕಾಳು, ಇಡೀ ಧಾನ್ಯ, ಮೀನು, ಬೀಜಗಳು ಇರೋ ಊಟ ಕಲಿಸಿದ್ರು, ಉಳಿದೋರ ಜೊತೆ ಕೂತು ಬರೀ ಮಾತಾಡಿದ್ರು. ಕ್ಯಾಲರಿ ಕಟ್ಟು ಇಲ್ಲ, ತೂಕ ಇಳಿಸಿ ಅಂತಿಲ್ಲ. 12 ವಾರಕ್ಕೆ ಊಟ ಬದಲಾಯಿಸಿದೋರಲ್ಲಿ 32 ಶೇಕಡಾ ಜನಕ್ಕೆ ಡಿಪ್ರೆಶನ್ ಹೆಚ್ಚುಕಡಿಮೆ ಹೋಗಿತ್ತು, ಇನ್ನೊಂದು ಗುಂಪಲ್ಲಿ 8 ಶೇಕಡಾ. ತೂಕ ಅಷ್ಟೇ ಇತ್ತು, ಮನಸ್ಸು ಹಗುರ ಆಗಿತ್ತು. ತೂಕ ಇಳಿದ ಮೇಲೆ ಮನಸ್ಸು ಸರಿಹೋಗುತ್ತೆ, ಆಮೇಲೆ ಬನ್ನಿ ಅಂತ ಬಾಗಿಲಲ್ಲೇ ಕಳಿಸೋರಿಗೆ ಇದನ್ನ ತೋರಿಸ್ಬೇಕು. ನಮ್ಮ ಮನೇಲಿ ಮಾಡಿದ್ದು ದೊಡ್ಡದೇನಿಲ್ಲ, ಬೆಳಗ್ಗೆ ಬೇಕರಿ ಬನ್ ಬದಲು ಮುದ್ದೆ ಸೊಪ್ಪಿನ ಸಾರು, ವಾರಕ್ಕೆ ಮೂರು ದಿನ ಹುರುಳಿ ಅಥವಾ ಮೊಳಕೆ ಕಾಳು, ಸಂಜೆ ಮಿರ್ಚಿ ಮಂಡಕ್ಕಿ ಭಾನುವಾರಕ್ಕೆ ಮಾತ್ರ.

ಈಗ 2025ರಿಂದ ಮೌಂಜಾರೋ, ವೆಗೋವಿ ಅಂತ ಇಂಜೆಕ್ಷನ್ ನಮ್ಮ ದೇಶಕ್ಕೂ ಬಂದಿದೆ, ತೂಕನೂ ಇಳಿಯುತ್ತೆ, ಸಿಆರ್‌ಪಿನೂ ಇಳಿಯುತ್ತೆ, ಡಾಕ್ಟರ್ ನೋಡ್ಕೊಂಡು ಕೊಟ್ರೆ ಒಳ್ಳೇದೇ. ತೂಕ ಇಳಿಸೋಕೆ ಹೊಟ್ಟೆಗೆ ಮಾಡೋ ಬೇರಿಯಾಟ್ರಿಕ್ ಆಪರೇಶನ್ ಆದೋರಲ್ಲೂ ಉರಿಯೂತ ಇಳಿದು ಮೊದಲ ಒಂದೆರಡು ವರ್ಷ ಮನಸ್ಸೂ ಚೆನ್ನಾಗಿರೋದು ಕಂಡಿದೆ, ಆದ್ರೆ ಕೆಲವರಲ್ಲಿ ಆಮೇಲೆ ಬೇಜಾರು ಮತ್ತೆ ತಲೆ ಎತ್ತುತ್ತೆ, ತಮಗೇ ಹಾನಿ ಮಾಡ್ಕೊಳ್ಳೋ ಮಟ್ಟಕ್ಕೂ ಹೋಗುತ್ತೆ. ಆಪರೇಶನ್ ಆದೋರ ಹೊಟ್ಟೆ ಹೊಲಿಗೆ ನೋಡೋಕೆ ಕರೀತಾರೆ, ಮನಸ್ಸು ಹೇಗಿದೆ ಅಂತ ನೋಡೋಕೂ ವರ್ಷಗಟ್ಲೆ ಕರೀಬೇಕು.

ಆರೋಗ್ಯ ಇಲಾಖೆಗೆ ನಾನು ಕೇಳೋದು ಹೊಸ ಬಿಲ್ಡಿಂಗ್ ಅಲ್ಲ. ತಾಲೂಕು ಆಸ್ಪತ್ರೇಲಿ ಬಿಪಿ ಶುಗರ್ ನೋಡೋ ಎನ್‌ಸಿಡಿ ಕ್ಲಿನಿಕ್ ಇದೆ, ಮಂಗಳವಾರದ ಮನೋಚೈತನ್ಯ ಅಂತ ಮನಸ್ಸಿನ ಆರೋಗ್ಯದ ಕ್ಲಿನಿಕ್ ಇದೆ. ಒಂದು ಕಡೆ ಸೊಂಟ ಅಳೀತಾರೆ ಮನಸ್ಸು ಕೇಳಲ್ಲ, ಇನ್ನೊಂದು ಕಡೆ ಮನಸ್ಸು ಕೇಳ್ತಾರೆ ಸೊಂಟ ಅಳಿಯಲ್ಲ. ಒಂದು ಟೇಪು ಆ ಕಡೆ ಹೋಗ್ಲಿ, ಎರಡು ಪ್ರಶ್ನೆ ಈ ಕಡೆ ಬರ್ಲಿ. ದೊಡ್ಡ ಬಿಪಿ ಪಟ್ಟಿ ಒಂದು ಪ್ರತಿ ಆಸ್ಪತ್ರೇಲೂ ಇರ್ಲಿ, ಕೈ ಇಲ್ಲದ ಅಗಲ ಕುರ್ಚಿ ಎರಡು ಇರ್ಲಿ.

ಅಕ್ಕ ಈಗ 89 ಕೆಜಿ. ಐದೇ ಕೆಜಿನಾ ಅಂತ ನೆಂಟರು ಕೇಳ್ತಾರೆ. ಹೋದ ತಿಂಗಳು ಸಿಆರ್‌ಪಿ 4.2 ಇತ್ತು. ಸಾರಿಗೆ ಒಗ್ಗರಣೆ ಬೀಳ್ತಿದೆ, ಇಂಗಿನ ವಾಸನೆ ಗೇಟಿಗೇ ಬರುತ್ತೆ. ಎಲ್ಲಾ ದಿನ ಅಲ್ಲ, ವಾರದಲ್ಲಿ ಎರಡು ದಿನ ಈಗಲೂ ಮಲಗ್ತಾಳೆ, ಆವತ್ತು ಅವಳನ್ನ ಏಳು ಏಳು ಅನ್ನೋದನ್ನ ನಾವು ಬಿಟ್ಟಿದೀವಿ.

ಸಂಪಾದಕರೇ, ಮುಂದಿನ ಸಲ ಬೊಜ್ಜಿನ ಬಗ್ಗೆ ಬರೆಸಿದಾಗ ಆ ತಲೆ ಇಲ್ಲದ ಹೊಟ್ಟೆ ಫೋಟೋ ತೆಗೆದು ಅದೇ ಜಾಗದಲ್ಲಿ ಈ ಎರಡು ಪ್ರಶ್ನೆ ಹಾಕಿ, ಪ್ರಪಂಚದಲ್ಲೆಲ್ಲ ಡಾಕ್ಟರುಗಳು ಕೇಳೋ ಪ್ರಶ್ನೆಗಳೇ ಇವು. ಕಳೆದ ಎರಡು ವಾರದಲ್ಲಿ ಯಾವ ಕೆಲಸದಲ್ಲೂ ಆಸಕ್ತಿ, ಖುಷಿ ಇಲ್ಲ ಅಂತ ಎಷ್ಟು ದಿನ ಅನ್ನಿಸಿದೆ? ಮನಸ್ಸು ಕುಗ್ಗಿದೆ, ಮುಂದೆ ದಾರಿನೇ ಇಲ್ಲ ಅಂತ ಎಷ್ಟು ದಿನ ಅನ್ನಿಸಿದೆ? ಒಂದೂ ದಿನ ಇಲ್ಲ ಅಂದ್ರೆ 0, ಕೆಲವು ದಿನ ಅಂದ್ರೆ 1, ಅರ್ಧಕ್ಕಿಂತ ಹೆಚ್ಚು ದಿನ ಅಂದ್ರೆ 2, ಹೆಚ್ಚುಕಡಿಮೆ ದಿನಾ ಅಂದ್ರೆ 3. ಎರಡೂ ಸೇರಿ 3 ಅಥವಾ ಅದಕ್ಕಿಂತ ಜಾಸ್ತಿ ಬಂದ್ರೆ ಡಾಕ್ಟರ್ ಹತ್ರ ಮಾತಾಡ್ಬೇಕು, ಸಾಯೋ ಯೋಚನೆ ಬರ್ತಿದ್ರೆ ಲೆಕ್ಕ ಹಾಕ್ತಾ ಕೂರದೇ ತಕ್ಷಣ ಹೇಳ್ಬೇಕು. ಅದ್ರ ಕೆಳಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ ನಂಬರು 14416, ದೊಡ್ಡ ಅಕ್ಷರದಲ್ಲಿ. ಹಗಲು ರಾತ್ರಿ ಫ್ರೀ, ಕನ್ನಡದಲ್ಲೇ ಮಾತಾಡ್ತಾರೆ ಅಂತನೂ ಸೇರಿಸಿ.

ಇಂತಿ,
ಒಬ್ಬ ಲ್ಯಾಬ್ ಟೆಕ್ನಿಷಿಯನ್, ದಾವಣಗೆರೆ